ಗಾಯಕಪ್ರಧಾನ ವಾಕ್ಚಿತ್ರಗಳಲ್ಲಿ ಗೀತದ ಸ್ಥಾನ

ನಾಟ್ಯದಲ್ಲಿ ಗೀತವು ಅಂಗವೋ ಅಂಗಿಯೋ ಎಂಬ ವಿಚಾರವು ಪ್ರಾಚೀನವಾದುದು. ಭರತಮುನಿಯು ಧ್ರುವಾಗೀತಗಳನ್ನು ಪ್ರಾವೇಶಿಕೀ, ನೈಷ್ಕ್ರಾಮಿಕೀ, ಆಕ್ಷೇಪಿಕೀ, ಪ್ರಾಸಾದಿಕೀ, ಆಂತರಾ ಎಂದು ಐದಾಗಿ ವಿಭಾಗಿಸಿ, ಪಾತ್ರಗಳ ಪ್ರವೇಶನಿಷ್ಕ್ರಮಣಗಳಿಗೂ ರಸಭಾವಗಳ ಪಲ್ಲಟಕ್ಕೂ ಅವನ್ನು ಅಧೀನಗೊಳಿಸಿರುವನು. ಪ್ರಸಿದ್ಧ ಗಾಯಕರ ಕಂಠವನ್ನೇ ನೆಚ್ಚಿ ಹುಟ್ಟಿದ ಮೊದಲ ವಾಕ್ಚಿತ್ರಗಳು ಈ ಕ್ರಮವನ್ನು ತಲೆಕೆಳಗು ಮಾಡಿದುವು. ಅಲ್ಲಿ ಗೀತವೇ ಅಂಗಿ. ಕಥೆಯು ಅದರ ಪರಿಚಾರಕ.

ಎಲ್ಲಿಸ್ ಆರ್. ಡಂಗನ್ ನಿರ್ದೇಶಿಸಿದ 1940ರ ತಮಿಳು 'ಶಕುಂತಲೈ' ಇದಕ್ಕೆ ನಿದರ್ಶನ. ದುಷ್ಯಂತನು ಜಿ. ಎನ್. ಬಾಲಸುಬ್ರಹ್ಮಣ್ಯಂ, ಶಕುಂತಲೆಯು ಎಂ. ಎಸ್. ಸುಬ್ಬುಲಕ್ಷ್ಮಿ. ಇಬ್ಬರೂ ಕಚೇರಿಯ ವಿದ್ವಾಂಸರಾದುದರಿಂದ ನಾಯಕನಾಯಿಕೆಯರು ಹಾಡಲೇಬೇಕಾಯಿತು. ಕಾಳಿದಾಸನ ಕ್ರಮವು ಬೇರೆ. ಐದನೆಯ ಅಂಕದಲ್ಲಿ ಹಂಸಪದಿಕೆಯ ಗೀತವು ನೇಪಥ್ಯದಿಂದ ಕೇಳಿಬರುವುದು, ಹಾಡುವವಳು ಕಾಣಳು. ಶಾಪದಿಂದ ಎಲ್ಲವನ್ನೂ ಮರೆತ ದೊರೆಗೆ ಕಾರಣವರಿಯದ ಕಳವಳ ಹುಟ್ಟುವುದು. ಅವನು ಗಾಯಕನಾಗದೆ ಶ್ರೋತೃವಾಗಿರುವುದೇ ಇಲ್ಲಿಯ ರಸಕ್ಕೆ ಮೂಲ. ಸುಬ್ಬುಲಕ್ಷ್ಮಿಯವರ 'ಮೀರಾ' (ತಮಿಳು 1945, ಹಿಂದಿ 1947) ಈ ದೋಷದಿಂದ ಪಾರಾಯಿತು. ಮೀರೆಗೆ ಗೀತವೇ ಚರಿತ್ರೆಯಾದುದರಿಂದ ಅಂಗಾಂಗಿಗಳಲ್ಲಿ ವಿರೋಧವಿಲ್ಲ.

1922ರಲ್ಲಿ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರನ್ನು ಬಾಲ್ಯದಲ್ಲಿ ಸೆಳೆದುದೂ ಕಾಣದ ಕಂಠವೇ, ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ. ಅವರು ಚಿತ್ರಕ್ಕೆ ಹಾಡುವ ವೇಳೆಗೆ ಹಿನ್ನೆಲೆಗಾಯನವು ನೆಲೆಗೊಂಡು, ಕಂಠವೂ ಕಾಯವೂ ಬೇರ್ಪಟ್ಟಿದ್ದುವು. ತ. ರಾ. ಸುಬ್ಬರಾಯರ 'ಹಂಸಗೀತೆ'ಯನ್ನು ಆಧರಿಸಿದ 1956ರ ಹಿಂದಿ 'ಬಸಂತ್ ಬಹಾರ್'ನಲ್ಲಿ ಸಂಗೀತಸ್ಪರ್ಧೆಯೊಂದುಂಟು. ನಾಯಕನಿಗೆ ಮನ್ನಾ ಡೇ, ಪ್ರತಿಸ್ಪರ್ಧಿಗೆ ಜೋಶಿಯವರು ಕಂಠವಿತ್ತರು. ಜಯವು ನಾಯಕನದು. ಗೀತವು ಇಲ್ಲಿ ಮರಳಿ ಅಂಗವಾಯಿತು, ನಿಜ. ಆದರೆ ಕಥೆಯಿತ್ತ ತೀರ್ಪನ್ನು ಕಚೇರಿಯಲ್ಲಿ ಪಳಗಿದ ಕಿವಿಯು ಒಪ್ಪದು. ಹಿಂದೆ ಗೀತವು ಕಥೆಯನ್ನು ಮೀರಿದರೆ, ಇಲ್ಲಿ ಕಥೆಯು ಗೀತಕ್ಕೆ ಅನ್ಯಾಯವೆಸಗಿತು.

ಗಾಯಕಪ್ರಧಾನ ಚಿತ್ರಗಳನ್ನು ಕೇವಲ ವ್ಯಾಪಾರವೆಂದು ತಳ್ಳುವುದು ಉಚಿತವಲ್ಲ. ತಟ್ಟೆಯು ನಾದವನ್ನು ಮಾತ್ರ ಉಳಿಸಿತು. ಇವು ಹಾಡುವ ಮುಖವನ್ನೂ ಉಳಿಸಲೆಳಸಿದುವು. ಆದರೆ ಅದು ಸಂಗೀತಚರಿತ್ರೆಗೆ ಸಂದ ಉಪಕಾರ, ನಾಟ್ಯಗುಣವಲ್ಲ. ಇವೆರಡನ್ನೂ ಬೇರ್ಪಡಿಸಿ ತೂಗುವುದು ವಿಮರ್ಶಕನ ಕರ್ತವ್ಯ. ಪಾತ್ರವು ಹಾಡದೆ ಇರಲಾರದ ಸಂದರ್ಭದಲ್ಲಿ ಹುಟ್ಟಿದ ಗೀತವು ಗ್ರಾಹ್ಯ. ಗಾಯಕನು ದೊರೆತನೆಂಬ ಕಾರಣದಿಂದ ಸೇರಿದ ಗೀತವು, ಎಷ್ಟೇ ಮಧುರವಾದರೂ, ಕಥೆಗೆ ಹೊರಗಣದೇ.