ಕಸಬರಿಗೆ ತಪ್ಪು, ಪೊರಕೆ ಸರಿ

ಮೊಬೈಲ್ ತೆಗೆದ್ರೆ ಸಾಕು, ದಿನಕ್ಕೊಂದಾದ್ರೂ ಇಂಥ ರೀಲ್ ಕಣ್ಣಿಗೆ ಬೀಳುತ್ತೆ. ಒಬ್ಬನೇ ಹುಡುಗ, ಎರಡು ವೇಷ. ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡಾಗ ‘ಈರುಳ್ಳಿ’ ಅಂತಾನೆ. ಹೆಗಲ ಮೇಲೆ ಟವೆಲ್ ಬಂದ ಕೂಡ್ಲೇ ‘ಉಳ್ಳಾಗಡ್ಡಿ’ ಅಂತ ಕೂಗ್ತಾನೆ. ಆಮೇಲೆ ಕಡ್ಲೆಕಾಯಿ–ಶೇಂಗಾ, ಜೇಬು–ಕಿಸೆ, ಸ್ನಾನ–ಜಳಕ. ಕೊನೆಗೆ ಟವೆಲ್‌ನವನು ಒಂದು ಬೈಗುಳ ಬೈತಾನೆ, ಹಿಂದೆ ನಗುವಿನ ಸದ್ದು ಬರುತ್ತೆ, ಮುಗೀತು.

ನಾನು ಗದಗ ಜಿಲ್ಲೆಯ ಹಳ್ಳಿಯವನು. ಇವನ್ನ ನೋಡಿದ್ರೆ ನನಗೂ ನಗು ಬರುತ್ತೆ. ಆದ್ರೂ ನನ್ನವು ಎರಡು ತಕರಾರಿವೆ. ಈ ರೀಲುಗಳು ಪದ ತೋರಿಸಿ ಭಾಷೆ ಮುಚ್ಚಿಡ್ತವೆ ಅನ್ನೋದು ಒಂದು. ನಗು ಯಾವಾಗಲೂ ಒಂದೇ ಕಡೆಯವರ ಮೇಲೆ ಬೀಳುತ್ತೆ ಅನ್ನೋದು ಇನ್ನೊಂದು.

ಮೊದಲನೆಯದನ್ನ ನೋಡೋಣ. ನಮ್ಮ ಕೆಲಸದಲ್ಲಿ ಆ್ಯಪ್ ಒಂದನ್ನ ಬೇರೆ ಭಾಷೆಗೆ ತರುವಾಗ ಒಂದು ಫೈಲ್ ಇರುತ್ತೆ. ಎಡಕ್ಕೊಂದು ಪದ, ಬಲಕ್ಕೊಂದು ಪದ. ರೀಲಿನವರೂ ಇದೇ ಫೈಲ್ ಇಟ್ಕೊಂಡಿದ್ದಾರೆ. ಆದ್ರೆ ಮನೆಮಾತು ಹಾಗೆ ಸಾಲಾಗಿ ನಿಲ್ಲೋದಿಲ್ಲ. ರೊಟ್ಟಿಯನ್ನೇ ತಗೊಳ್ಳಿ. ಪದ ಎಲ್ಲಾ ಕಡೆ ಒಂದೇ, ಹಾಗಾಗಿ ಅದು ಯಾವ ರೀಲಿಗೂ ಬರೋದಿಲ್ಲ. ಆದ್ರೆ ಬೆಂಗಳೂರಲ್ಲಿ ಅಕ್ಕಿರೊಟ್ಟಿ ತಟ್ತಾರೆ, ನಮ್ಮಲ್ಲಿ ಜೋಳದ ರೊಟ್ಟಿ ಬಡೀತಾರೆ. ವ್ಯತ್ಯಾಸ ಇರೋದು ಕ್ರಿಯಾಪದದಲ್ಲಿ, ಅದರ ಸಪ್ಪಳದಲ್ಲಿ. ‘ಜಳಕ ಅಂದ್ರೆ ಸ್ನಾನ’ ಅಂತ ಹೇಳಿ ಮುಗಿಸಿದ್ರೆ ‘ತಲಿ ಎರಕೊಳ್ಳೋದು’ ಎಲ್ಲಿ ಹೋಯ್ತು? ಕರಾವಳಿಯವರ ‘ಮೀಯುವುದು’ ಎಲ್ಲಿ ಹೋಯ್ತು?

ನಂಟಿನ ಪದಗಳಲ್ಲಿ ಈ ಫೈಲ್ ಪೂರ್ತಿ ಕೈಕೊಡುತ್ತೆ. ನಮ್ಮನೇಲಿ ಅವ್ವ ಅಂದ್ರೆ ತಾಯಿ, ಅಮ್ಮ ಅಂದ್ರೆ ಅಜ್ಜಿ. ಶಿರಸಿ ಕಡೆಯ ಹವ್ಯಕರ ಮನೆಗಳಲ್ಲಿ ಆಯಿ ಅಂದ್ರೆ ತಾಯಿ. ಅದೇ ಆಯಿ ವಿಜಯಪುರದ ಕಡೆ ಅಜ್ಜಿ, ಪಕ್ಕದಲ್ಲಿ ಮುತ್ಯಾ ಇರ್ತಾನೆ. ಇಲ್ಲಿ ಬಲಕ್ಕೆ ಯಾವ ಪದ ಬರೀತೀರಿ?

ಗಾದೆಗಳದ್ದೂ ಇದೇ ಕಥೆ. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ‘ಹಿಟ್ಟು’ ಅಂದ್ರೆ ರಾಗಿಮುದ್ದೆ. ‘ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ’ ಅನ್ನೋ ಗಾದೆ ನಿಂತಿರೋದು ಈ ಅರ್ಥದ ಮೇಲೆ. ನಮ್ಮ ಅವ್ವನಿಗೆ ಹಿಟ್ಟು ಅಂದ್ರೆ ಡಬ್ಬಿಯಲ್ಲಿರೋ ಪುಡಿ ಮಾತ್ರ. ಈ ಗಾದೆ ಹೇಳಿದ್ರೆ ‘ಒಣಾ ಹಿಟ್ಟು ಹೆಂಗ ತಿಂತಾರೋ, ಮುಕ್ಕತಾರೇನ?’ ಅಂತ ಕೇಳ್ತಾಳೆ. ಅದೇ ‘ಹೊಟ್ಟಿಗೆ ಹಿಟ್ಟಿಲ್ಲಂದ್ರೂ ಜುಟ್ಟಿಗೆ ಮಲ್ಲಿಗಿ ಹೂ’ ಅವಳದೇ ಮಾತು. ಅಲ್ಲಿ ಮುದ್ದೆ ಅಂದ್ಕೊಂಡ್ರೂ ಸರಿ, ರೊಟ್ಟಿಗೆ ಬೇಕಾದ ಹಿಟ್ಟು ಅಂದ್ಕೊಂಡ್ರೂ ಸರಿ. ಒಂದು ಗಾದೆ ಊರು ದಾಟಿ ಬಂತು, ಇನ್ನೊಂದು ಅಲ್ಲೇ ಉಳೀತು. ಜರ್ಮನಿಯಿಂದ ಬಂದ ಕಿಟೆಲ್‌ಗೆ ಇದು ಗೊತ್ತಿತ್ತು ಅನ್ಸುತ್ತೆ. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಅವರ ನಿಘಂಟು ಬರೀ ಅರ್ಥ ಕೊಟ್ಟು ಸುಮ್ಮನಾಗೋದಿಲ್ಲ, ಎಷ್ಟೋ ಪದಗಳ ಜತೆ ಗಾದೆಯನ್ನೂ ಕೊಡುತ್ತೆ.

ಇನ್ನು ನಗುವಿನ ವಿಚಾರ. ಇದು ರೀಲಿನವರು ಹುಟ್ಟಿಸಿದ್ದಲ್ಲ, ಸಿನಿಮಾದಿಂದ ಬಂದ ಆಸ್ತಿ. ನಾಯಕ ಬೆಂಗಳೂರು ಕನ್ನಡದಲ್ಲಿ ಪ್ರೀತಿಸ್ತಾನೆ, ಅದರಲ್ಲೇ ಅಳ್ತಾನೆ. ಉತ್ತರ ಕರ್ನಾಟಕದವನು ಬರೋದು ಲಾರಿ ಡ್ರೈವರ್ ಆಗಿಯೋ, ಅಡುಗೆ ಭಟ್ಟನಾಗಿಯೋ, ನಗಿಸಿ ಹೋಗೋಕೆ. ಹಾಗಾಗಿ ಒಂದು ಸಿನಿಮಾ, ಒಂದು ಪುಸ್ತಕ ಆಡುನುಡಿಯನ್ನ ಹೇಗೆ ಬಳಸಿದೆ ಅಂತ ತಿಳಿಯೋಕೆ ನಾನು ಒಂದೇ ಪ್ರಶ್ನೆ ಕೇಳ್ತೀನಿ: ಆ ನುಡಿಗೆ ನಗಿಸೋದು ಬಿಟ್ಟು ಬೇರೆ ಏನು ಕೆಲಸ ಕೊಟ್ಟಿದ್ದಾರೆ?

ಈ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟವರೂ ಇದ್ದಾರೆ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದ್ದಾರೆ. ಸಾವು, ಜಮೀನಿನ ವ್ಯವಹಾರ, ಪ್ರೀತಿ ಎಲ್ಲಾ ಅದೇ ಮಾತಲ್ಲಿ ನಡೆಯುತ್ತೆ. 2022ರ ‘ಕಾಂತಾರ’ದ ಶಿವ ತಮಾಷೆ ಮಾಡೋದು, ಅಮ್ಮನ ಕೈಲಿ ಬೈಸಿಕೊಳ್ಳೋದು, ಕಾಡಿನ ಅಧಿಕಾರಿ ಜತೆ ಜಗಳ ಆಡೋದು ಎಲ್ಲಾ ಕರಾವಳಿಯ ಕನ್ನಡದಲ್ಲೇ. ಇವರಿಗಿಂತ ಎಷ್ಟೋ ಮೊದಲು, 1984ರಲ್ಲಿ, ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಇನ್ನೂ ಮುಂದೆ ಹೋಗಿತ್ತು. ಅಲ್ಲಿ ಪಾತ್ರಗಳಷ್ಟೇ ಅಲ್ಲ, ಕಥೆ ಹೇಳುವ ದನಿಯೂ ನಂಜನಗೂಡು ಕಡೆಯ ಆಡುನುಡಿಯದು. ‘ಹಳ್ಳಿಯವರು ಹೀಗೆ ಮಾತಾಡ್ತಾರೆ ನೋಡಿ’ ಅಂತ ಹೊರಗೆ ನಿಂತು ತೋರಿಸೋರು ಅದರಲ್ಲಿ ಯಾರೂ ಇಲ್ಲ. ನಮ್ಮ ಕಡೆಯ ಮಾತು ಗಂಭೀರಕ್ಕೆ ಆಗಿಬರೋದಿಲ್ಲ ಅನ್ನೋರಿಗೆ ಬೇಂದ್ರೆಯವರಿದ್ದಾರೆ. ಮಗು ಕಳಕೊಂಡ ಸಂಕಟವನ್ನ ಅವರು ಧಾರವಾಡದ ಮಾತಲ್ಲೇ ಬರೆದ್ರು. ಹಾಗಿದ್ದೂ ದೊಡ್ಡ ಪರದೆ ಮೇಲೆ ಈ ಮಾತಿಗೆ ಅಳೋ ಅವಕಾಶ ಸಿಗೋದು ಅಪರೂಪ.

‘ತಮಾಷೆಗೆ ಯಾಕಪ್ಪಾ ಇಷ್ಟೊಂದು ತಲೆಬಿಸಿ?’ ಅಂತೀರಾ? ನಮ್ಮಣ್ಣನ ಮಗಳು ಬೆಂಗಳೂರಲ್ಲಿ ಎರಡನೇ ಕ್ಲಾಸು. ಚಿತ್ರ ನೋಡಿ ಹೆಸರು ಬರೆಯೋ ಪರೀಕ್ಷೆಯಲ್ಲಿ ‘ಕಸಬರಿಗೆ’ ಅಂತ ಬರೆದಿದ್ಲು. ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ‘ಪೊರಕೆ’. ಸಂಜೆ ಮನೆಗೆ ಬಂದವಳೇ ಅಜ್ಜಿಗೆ ಹೇಳಿದ್ಲು: ‘ಅಮ್ಮ, ನೀ ಹೇಳ್ಕೊಟ್ಟಿದ್ದು ತಪ್ಪು. ನಿಂಗೆ ಕನ್ನಡ ಬರಲ್ಲ.’ ಅವ್ವ ‘ಹೌದವಾ, ನಂಗ ಬರೂದಿಲ್ಲ’ ಅಂತ ನಕ್ಕಳು. ಆದ್ರೆ ಅವತ್ತಿಂದ ಮೊಮ್ಮಗಳ ಹತ್ರ ಮಾತಾಡುವಾಗ ಒಂದು ಗಳಿಗೆ ತಡೀತಾಳೆ, ಈ ಪದ ಹೇಳ್ಲೋ ಬ್ಯಾಡೋ ಅಂತ. ಟೀಚರ್ ಕೆಟ್ಟವರೇನಲ್ಲ. ಅವರ ತಲೆಯಲ್ಲೂ ಅದೇ ಫೈಲ್ ಇದೆ, ಅಷ್ಟೇ. ಅದರಲ್ಲಿ ಒಂದು ಸಾಲು ಸರಿ, ಇನ್ನೊಂದು ಸಾಲು ತಮಾಷೆ.

ಯಾವುದು ಶುದ್ಧ ಅಂತ ಹುಡುಕಿಕೊಂಡು ಹೋದ್ರೂ ಕೈಗೇನೂ ಸಿಗೋದಿಲ್ಲ. ‘ಕಿಸೆ’ ಹಳ್ಳಿದು, ‘ಜೇಬು’ ಸರಿಯಾದ ಕನ್ನಡ ಅನ್ನೋರಿದ್ದಾರೆ. ಎರಡೂ ಅರಬ್ಬಿ–ಪಾರ್ಸಿ ಕಡೆಯಿಂದ ಬಂದವು. 1956ರಲ್ಲಿ ಒಂದಾಗೋ ಮೊದಲು ನಮ್ಮ ನಾಡು ಮುಂಬೈ, ಹೈದರಾಬಾದ್, ಮದ್ರಾಸು, ಮೈಸೂರು, ಕೊಡಗು ಅಂತ ಹಂಚಿ ಹೋಗಿತ್ತು. ಒಂದೊಂದು ಕಡೆಗೆ ಒಂದೊಂದು ಬಾಗಿಲಿಂದ ಪದ ಬಂದ್ವು. ಯಾವ ಬಾಗಿಲು ಈಗಿನ ರಾಜಧಾನಿಗೆ ಹತ್ತಿರ ಇತ್ತೋ ಅಲ್ಲಿಂದ ಬಂದದ್ದಕ್ಕೆ ಮರ್ಯಾದೆ ಜಾಸ್ತಿ ಸಿಕ್ತು.

ಪಠ್ಯಕ್ಕೆ ಒಂದು ಸಾಮಾನ್ಯ ಕನ್ನಡ ಬೇಕು, ನಾನೂ ಒಪ್ತೀನಿ. ಅದಿಲ್ಲದೆ ಹೋದ್ರೆ ಈ ಬರಹವನ್ನ ನೀವು ಮಂಗಳೂರಲ್ಲೋ ಕಲಬುರಗಿಯಲ್ಲೋ ಕೂತು ಓದೋಕೆ ಆಗ್ತಿರಲಿಲ್ಲ. ಆದ್ರೆ ಪೊರಕೆ ಕಲಿಸೋಕೆ ಕಸಬರಿಗೆಗೆ ಗೀಟು ಎಳೆಯಬೇಕಾಗಿಲ್ಲ. ಎರಡನ್ನೂ ಬರೆದು ಪಕ್ಕದಲ್ಲಿ ಕರಾವಳಿಯ ‘ಹಿಡಿಸೂಡಿ’ಯನ್ನೂ ಸೇರಿಸಿದ್ರೆ ಮಗುವಿಗೆ ಇನ್ನೊಂದು ವಿಷಯ ತಿಳಿಯುತ್ತೆ: ಕಸಬರಿಗೆ ಅನ್ನೋ ಹೆಸರು ಬಂದಿರೋದು ಅದು ಗುಡಿಸೋ ಕಸದಿಂದ, ಹಿಡಿಸೂಡಿ ಅನ್ನೋದು ಕೈಯಲ್ಲಿ ಹಿಡಿಯೋ ಕಟ್ಟಿನಿಂದ.

ಈ ವಾರ ಊರಿಗೆ ಫೋನ್ ಮಾಡಿದಾಗ ‘ಪೊರಕೆಗೆ ನಮ್ಮ ಕಡೆ ಏನಂತಾರೆ’ ಅಂತ ಕೇಳಬೇಡಿ. ಅದು ರೀಲಿನ ಪ್ರಶ್ನೆ. ಅದು ಕಾಲಿಗೆ ತಾಗಿದ್ರೆ ಅಜ್ಜಿ ಏನಂತಿದ್ದಳು ಅಂತ ಕೇಳಿ. ಫೋನ್ ಬೇಗ ಇಡೋಕಾಗಲ್ಲ, ಸ್ವಲ್ಪ ಟೈಮ್ ಇಟ್ಕೊಂಡೇ ಮಾಡಿ.