ಲಿನಕ್ಸ್ ಕರ್ನಲಿನ ಮೆಮೊರಿ-ಲೆಕ್ಕ ಮತ್ತು ಋಣವಿಚಾರ

ಗಣಕಯಂತ್ರದಲ್ಲಿ ಮೆಮೊರಿಯು ಸೋರಿತೆಂದೊಡನೆ ಯಾರೋ ಮರೆತರೆಂದೇ ಲೋಕವು ಭಾವಿಸುವುದು. ಪಡೆದುದನ್ನು ಹಿಂದಿರುಗಿಸದಿರುವುದೇ ಸೋರಿಕೆಯೆಂಬ ಲಕ್ಷಣವು ಸಾಧುವಾದುದೇ ಸರಿ. ಆದರೆ ಲಿನಕ್ಸ್ ಕರ್ನಲಿನ ಮೆಮೊರಿ-ಲೆಕ್ಕದ ಭಾಗವನ್ನು ಆದಿಯಿಂದ ಪರಿಶೀಲಿಸಿದವರಿಗೆ, ಅಲ್ಲಿಯ ಹಿರಿಯ ಸೋರಿಕೆಗೆ ಕಾರಣವು ಮರೆವಲ್ಲ, ಸ್ವಾಮ್ಯದ ಅನಿಶ್ಚಯವೆಂಬುದು ವಿದಿತವಾಗುವುದು. ಈ ಪುಟವು ಯಾರದು, ಅವನು ಅಳಿದ ಮೇಲೆ ಯಾರದು ಎಂಬ ಪ್ರಶ್ನೆಗೆ ನಿರ್ಣಯವಿಲ್ಲದೆಡೆಯಲ್ಲಿಯೇ ಲೆಕ್ಕವು ಸೋರಿದೆ.

ಓಡುತ್ತಿರುವ ಕೆಲಸಗಳನ್ನು ಗುಂಪುಗಳಾಗಿ ವಿಂಗಡಿಸುವ ಕಂಟ್ರೋಲ್ ಗ್ರೂಪ್ ಎಂಬ ವ್ಯವಸ್ಥೆಯು 2008ರ ಜನವರಿಯಲ್ಲಿ ಹೊರಬಂದ 2.6.24ನೆಯ ಆವೃತ್ತಿಯಲ್ಲಿ ಸೇರಿತು. ಅದೇ ವರ್ಷದ ಏಪ್ರಿಲಿನ 2.6.25ರಲ್ಲಿ ಮೆಮೊರಿ ನಿಯಂತ್ರಕವು ಬಂದಿತು. ಇದರ ಪ್ರಧಾನ ಕರ್ತೃಗಳಾದ ಬಲ್ಬೀರ್ ಸಿಂಗರು ಆಗ ಬೆಂಗಳೂರಿನಲ್ಲಿ ಐ.ಬಿ.ಎಂ. ಸಂಸ್ಥೆಯ ಲಿನಕ್ಸ್ ವಿಭಾಗದಲ್ಲಿದ್ದರು. ಎಣಿಕೆಯ ಅಂಗವು ಪಾವೆಲ್ ಎಮೆಲ್ಯಾನೋವರದು. ಸಾಮಾನ್ಯವಾಗಿ 4096 ಬೈಟುಗಳುಳ್ಳ ಒಂದೊಂದು ಪುಟವನ್ನೂ ಒಂದು ಗುಂಪಿನ ಹೆಸರಿಗೆ ಋಣವಾಗಿ ಬರೆಯುವುದು, ಪುಟವು ಮರಳಿದಾಗ ಋಣವನ್ನು ಕಳೆಯುವುದು, ಮಿತಿಯನ್ನು ಮೀರಗೊಡದಿರುವುದು, ಇವೇ ಈ ರಚನೆಯ ಪ್ರಯೋಜನಗಳು.

ಮೊದಲು ಬೀಗದ ವಿಚಾರ. ಬೆಣ್ಣೆಹಳ್ಳದ ದಂಡೆಯ ಯಮನೂರಿನ ಜಾತ್ರೆಗೆ ಬರುವವರನ್ನೆಲ್ಲ ಒಂದೇ ಬಾಗಿಲಲ್ಲಿ ಒಬ್ಬನೇ ಕರಣಿಕನು ಬರೆದುಕೊಂಡನೆಂದರೆ ಲೆಕ್ಕವು ಶುದ್ಧವಾಗಿರುವುದು, ಜಾತ್ರೆಯು ಮಾತ್ರ ನಿಲ್ಲುವುದು. ಆದಿಯ ಎಣಿಕೆಯ ಗತಿಯೂ ಇಂತಹುದೇ. ಪ್ರತಿ ಎಣಿಕೆಗೂ ಒಂದು ಬೀಗ; ಮಗುವಿನ ಋಣವನ್ನು ತಂದೆ, ತಾತ ಎಂದು ಮೇಲಕ್ಕೆ ಬರೆಯುವಾಗ ಒಂದೊಂದು ಮೆಟ್ಟಿಲಲ್ಲಿಯೂ ಮತ್ತೊಂದು ಬೀಗ. 2015ರ ಫೆಬ್ರವರಿಯ 3.19ರಲ್ಲಿ ಯೋಹಾನೆಸ್ ವೈನರ್ ಅವರು ಇದನ್ನು ತೆಗೆದು, ಬೀಗವಿಲ್ಲದೆ ಅಖಂಡವಾಗಿ ಕೂಡಿಸುವ ಎಣಿಕೆಯನ್ನು ಸ್ಥಾಪಿಸಿದರು. ಇದಲ್ಲದೆ ಪ್ರತಿಯೊಂದು ಪ್ರೊಸೆಸರೂ ಕೆಲವು ಪುಟಗಳ ಋಣವನ್ನು ಮುಂಗಡವಾಗಿ ಬರೆಯಿಸಿ ತನ್ನ ಬಳಿ ಇರಿಸಿಕೊಳ್ಳುವುದು. 32 ಪುಟಗಳಿದ್ದ ಈ ಮುಂಗಡವನ್ನು 2022ರಲ್ಲಿ 64ಕ್ಕೆ ಏರಿಸಲಾಯಿತು. ಆದುದರಿಂದ ಬರೆದ ಮೊತ್ತವು ಬಳಕೆಗಿಂತ ತುಸು ಹೆಚ್ಚಾಗಿರಬಹುದು. ಮಿತಿಯು ಸಮೀಪಿಸಿದಾಗ ಮುಂಗಡಗಳನ್ನು ಹಿಂದಕ್ಕೆ ಪಡೆಯುವರು. ಹೊಸ ಎಣಿಕೆಯು ಮೊದಲು ಕೂಡಿಸಿ, ಮಿತಿ ಮೀರಿದರೆ ಅನಂತರ ಕಳೆಯುವುದು. ಇದರಿಂದ ದೊಡ್ಡ ಕೋರಿಕೆಯೊಂದು ವಿಫಲವಾಗುವ ಕ್ಷಣದಲ್ಲಿ ಸಣ್ಣ ಕೋರಿಕೆಯೂ ವೃಥಾ ತಡೆಯಲ್ಪಡಬಹುದೆಂದು ಮೂಲದ ಟಿಪ್ಪಣಿಯೇ ಒಪ್ಪಿ, ಆ ದೋಷದ ಮೇರೆಯನ್ನೂ ಹೇಳುತ್ತದೆ. ದೋಷವನ್ನೂ ಅದರ ಅವಧಿಯನ್ನೂ ಒಟ್ಟಿಗೆ ಹೇಳುವುದು ಶಾಸ್ತ್ರಕಾರರ ಮರ್ಯಾದೆ.

ಇನ್ನು ಮೃತರ ಋಣ. ಗುಂಪನ್ನು ತೆಗೆದುಹಾಕಿದರೂ ಅದು ಓದಿದ ಕಡತದ ಪುಟಗಳೂ ಅದರ ನಿಮಿತ್ತ ಕರ್ನಲು ನಿರ್ಮಿಸಿದ ಸಣ್ಣ ವಸ್ತುಗಳೂ ಉಳಿಯುವುವು. ಅವೆಲ್ಲವೂ ಅಳಿದವನ ಹೆಸರನ್ನೇ ಹಿಡಿದಿರುವುದರಿಂದ ಅವನ ಖಾತೆಯನ್ನು ಮುಚ್ಚುವಂತಿಲ್ಲ. ಗುಂಪುಗಳನ್ನು ಎಡೆಬಿಡದೆ ಹುಟ್ಟಿಸಿ ಅಳಿಸುವ ಯಂತ್ರಗಳಲ್ಲಿ ಇಂತಹ ಪ್ರೇತಖಾತೆಗಳು ರಾಶಿಬೀಳುವುವು. ಪೂರ್ವದಲ್ಲಿ ಪುಟಗಳನ್ನು ತಂದೆಯ ಹೆಸರಿಗೆ ಒಂದೊಂದಾಗಿ ವರ್ಗಾಯಿಸುವ ಕ್ರಮವಿದ್ದಿತು. ಮೇಲೆ ಹೇಳಿದ 3.19ರಲ್ಲಿಯೇ ಅದನ್ನು ಕೈಬಿಟ್ಟರು. ಬೀಗವನ್ನು ಬಿಡಿಸಿದ ಆವೃತ್ತಿಯೇ ಪ್ರೇತಖಾತೆಗಳಿಗೂ ಆಶ್ರಯವಿತ್ತಿತೆಂಬುದನ್ನು ವಿಮರ್ಶಕನು ಮರೆಮಾಚಬಾರದು.

ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯ ಋಣಾದಾನ ಪ್ರಕರಣದಲ್ಲಿ, ಅಳಿದವನ ಸ್ವತ್ತನ್ನು ಕೈಕೊಂಡವನೇ ಅವನ ಋಣಕ್ಕೂ ಭಾಗಿಯೆಂಬ ನ್ಯಾಯವನ್ನು ವಿವರಿಸಿರುವನು. 2020ರ 5.9ರಲ್ಲಿ ರೋಮನ್ ಗುಶ್ಚಿನ್ ಅವರು ಸಣ್ಣ ವಸ್ತುಗಳಿಗೆ ಮಾಡಿದ ಪರಿಹಾರವು ಈ ನ್ಯಾಯಕ್ಕೆ ಸಮೀಪವಾಗಿದೆ. ವಸ್ತುವು ನೇರವಾಗಿ ಗುಂಪನ್ನು ಹಿಡಿಯದೆ ನಡುವಿನ ಒಂದು ಕಿರುಖಾತೆಯನ್ನು ಹಿಡಿಯುವುದು. ಗುಂಪು ಅಳಿದಾಗ ಆ ಕಿರುಖಾತೆಯ ತಲೆಬರಹವೊಂದನ್ನೇ ತಂದೆಯ ಹೆಸರಿಗೆ ತಿದ್ದುವರು. ಸಾವಿರ ವಸ್ತುಗಳಿದ್ದರೂ ಅವನ್ನು ಮುಟ್ಟಬೇಕಾಗಿಲ್ಲ. ಮಗುವಿನ ಋಣವು ತಂದೆಯ ಮೊತ್ತದಲ್ಲಿ ಮೊದಲೇ ಅಡಕವಾಗಿರುವುದರಿಂದ ತಂದೆಗೆ ಹೊಸ ಭಾರವೂ ಇಲ್ಲ. ಲಾಘವಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯು ಈ ರಚನೆಯಲ್ಲಿ ಬೇರೊಂದಿಲ್ಲ.

ಒಂದು ಆಕ್ಷೇಪವು ಮಾತ್ರ ಉಳಿಯುವುದು. ಹಲವು ಗುಂಪುಗಳು ಓದುವ ಸಾಧಾರಣ ಕಡತದ ಪುಟವನ್ನು ಮೊದಲು ಮುಟ್ಟಿದವನ ಹೆಸರಿಗೇ ಬರೆಯುವರು. ಉಳಿದವರು ಋಣವಿಲ್ಲದೆ ಭೋಗಿಸುವರು. ಪ್ರತಿ ಓದಿಗೂ ಪಾಲು ಹಂಚಿದರೆ ಮತ್ತೆ ಬೀಗಗಳ ಕಾಟವೇ ಬರುವುದೆಂದು ಪೂರ್ವಪಕ್ಷಿಯು ಹೇಳಬಹುದು, ಅದು ಸತ್ಯವೇ. ಆದರೆ ಸೌಕರ್ಯಕ್ಕಾಗಿ ಒಪ್ಪಿದುದು ಸಂಕೇತವೇ ಹೊರತು ನ್ಯಾಯವಲ್ಲ. ಮಿತಿ ಮೀರಿತೆಂದು ಕರ್ನಲು ಒಂದು ಕೆಲಸವನ್ನು ಕೊಲ್ಲುವಾಗ ಈ ಲೆಕ್ಕವೇ ಸಾಕ್ಷಿ. ಸಾಕ್ಷಿಯು ಎಲ್ಲಿಯವರೆಗೆ ನಂಬತಕ್ಕದ್ದೆಂಬುದನ್ನು ಅರಿಯದೆ ದಂಡವನ್ನು ವಿಧಿಸುವುದು ಯುಕ್ತವಲ್ಲ.