ಕ್ಯಾಮೆರಾ ಕಂಡದ್ದೆಲ್ಲ ಮೇಲ್ಮೈಯಲ್ಲ

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2024ರ ಮೇ 9ರಂದು ರಾಕೆಟ್ ಎಂಜಿನ್ ಒಂದನ್ನು 665 ಸೆಕೆಂಡುಗಳ ಕಾಲ ಉರಿಸಿ ಯಶಸ್ವಿಯಾಗಿ ಪರೀಕ್ಷಿಸಿತು. ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತದ ಈ ಎಂಜಿನ್ನನ್ನು ಲೋಹದ ಪುಡಿಯಿಂದ ಪದರ ಪದರವಾಗಿ ಮುದ್ರಿಸಲಾಗಿತ್ತು. 14 ಬಿಡಿಭಾಗಗಳು ಒಂದೇ ತುಂಡಾದವು, 19 ಬೆಸುಗೆಗಳು ಇಲ್ಲವಾದವು. ಇದು ಹೆಮ್ಮೆಯ ಸಂಗತಿಯೇ. ಆದರೆ ಇಂತಹ ತಯಾರಿಕೆಯ ಬಗ್ಗೆ ಒಂದು ಸಾಮಾನ್ಯ ಪ್ರಶ್ನೆಯನ್ನು ನೀವು ಕೇಳಬೇಕು. ಬಿಡಿಭಾಗಗಳಿದ್ದಾಗ ಜೋಡಿಸುವ ಮೊದಲೇ ಒಳಮೈಯನ್ನು ಪರೀಕ್ಷಿಸಬಹುದು, ಉಜ್ಜಿ ನಯಗೊಳಿಸಬಹುದು. ಎಲ್ಲವೂ ಒಂದೇ ತುಂಡಾದ ಮೇಲೆ ಒಳಗಿನ ಕಿರುನಾಳಗಳ ಮೈ ಹೇಗಿದೆ ಎಂದು ತಿಳಿಯುವುದು ಹೇಗೆ?

‘ಮುದ್ರಿಸುವಾಗಲೇ ನಿಗಾ ಇಡುತ್ತೇವೆ’ ಎಂಬುದು ಯಂತ್ರ ಮಾರುವವರ ಉತ್ತರ. ಈ ಉತ್ತರ ಅರ್ಧ ಮಾತ್ರ ಸರಿ.

ವಿಧಾನವನ್ನು ಗಮನಿಸಿ. ಸುಮಾರು 30ರಿಂದ 50 ಮೈಕ್ರೋಮೀಟರ್ ದಪ್ಪದ ಪುಡಿಯ ಪದರವನ್ನು ಹರಡಿ, ಬೇಕಾದ ಕಡೆ ಮಾತ್ರ ಲೇಸರ್ ಕಿರಣದಿಂದ ಕರಗಿಸಲಾಗುತ್ತದೆ. ನಂತರ ಮತ್ತೊಂದು ಪದರ. ಹೀಗೆ ಸಾವಿರಾರು ಬಾರಿ. ಕರಗಿದ ಲೋಹದ ಪುಟ್ಟ ಕೊಳದ ಅಗಲ ಸುಮಾರು 0.1 ಮಿಲಿಮೀಟರ್. ಲೇಸರ್ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಓಡಿದರೆ, ತನ್ನ ಅಗಲದಷ್ಟು ದೂರವನ್ನು ಕೊಳವು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಲ್ಲಿ ದಾಟುತ್ತದೆ. ಸೆಕೆಂಡಿಗೆ 1000 ಚಿತ್ರ ತೆಗೆಯುವ ಕ್ಯಾಮೆರಾ ಇದ್ದರೂ, ಎರಡು ಚಿತ್ರಗಳ ನಡುವೆ ಕೊಳವು ತನ್ನ ಅಗಲದ ಹತ್ತು ಪಟ್ಟು ದೂರ ಸಾಗಿರುತ್ತದೆ. ಆದ್ದರಿಂದಲೇ ಇನ್ನೂ ವೇಗವಾಗಿ ಸ್ಪಂದಿಸುವ ಫೋಟೋಡಯೋಡ್‌ಗಳನ್ನೂ ಬಳಸುತ್ತಾರೆ. ಅವು ಕೊಡುವುದು ಹೊಳಪಿನ ಏರಿಳಿತವನ್ನು, ಮೈಯ ಆಕಾರವನ್ನಲ್ಲ.

ಎರಡನೆಯ ಕೊರತೆ ಇನ್ನೂ ಮುಖ್ಯವಾದುದು. ಕ್ಯಾಮೆರಾ ನೋಡುವುದು ಮೇಲಿನಿಂದ. ಅದಕ್ಕೆ ಕಾಣುವ ಪದರ ಕೆಲವೇ ಕ್ಷಣಗಳಲ್ಲಿ ಮುಂದಿನ ಪದರದಡಿ ಹೂತುಹೋಗುತ್ತದೆ. ವಸ್ತುವಿನ ಮೈ ಎಂದು ಬಹುಮಟ್ಟಿಗೆ ಕೊನೆಗೆ ಉಳಿಯುವುದು ಪದರಗಳ ಅಂಚುಗಳು ಹಾಗೂ ಚಾಚಿದ ಭಾಗಗಳ ಅಡಿಮೈ. ಚಾಚಿದ ಭಾಗದ ಕೆಳಗೆ ಇರುವುದು ಗಟ್ಟಿ ಲೋಹವಲ್ಲ, ಸಡಿಲ ಪುಡಿ. ಪುಡಿ ಶಾಖವನ್ನು ಚೆನ್ನಾಗಿ ಸಾಗಿಸದು. ಶಾಖ ಅಲ್ಲೇ ಉಳಿದು, ಕರಗಿದ ಲೋಹ ಕೆಳಗಿಳಿದು, ಅಡಿಮೈ ಒರಟಾಗುತ್ತದೆ. ಪಕ್ಕದ ಗೋಡೆಗಳಿಗೆ ಅರೆಕರಗಿದ ಕಣಗಳು ಅಂಟಿಕೊಳ್ಳುತ್ತವೆ. ಇವು ಮೇಲಿನ ಕ್ಯಾಮೆರಾಕ್ಕೆ ನೇರವಾಗಿ ಕಾಣುವುದೇ ಇಲ್ಲ. ಚಾಚಿದ ಭಾಗದಲ್ಲಿ ಹೊಳಪು ಹೆಚ್ಚಿದರೆ ಅದು ಉಪಯುಕ್ತ ಸುಳಿವು, ನಿಜ. ಆದರೆ ಸುಳಿವು ಅಳತೆಯಲ್ಲ.

ಅಳತೆಯ ವಿಷಯದಲ್ಲೂ ಎಚ್ಚರ ಬೇಕು. ನಿಗಾ ವ್ಯವಸ್ಥೆಯ ಸಂಕೇತವನ್ನು ಹೆಚ್ಚಾಗಿ ‘ಆರ್‌ಎ’ ಎಂಬ ಸರಾಸರಿ ಒರಟುತನದೊಂದಿಗೆ ಹೋಲಿಸಿ ‘ಹೊಂದಿಕೆಯಾಗುತ್ತದೆ’ ಎನ್ನುತ್ತಾರೆ. ತರಗತಿಯಲ್ಲೇ ಮಾಡಬಹುದಾದ ಲೆಕ್ಕವೊಂದನ್ನು ನೋಡಿ. ಎರಡು ಮೈಗಳ ಮೇಲೆ ಹತ್ತು ಹತ್ತು ಬಿಂದುಗಳನ್ನು ಅಳೆಯಿರಿ. ಮೊದಲನೆಯದರಲ್ಲಿ ಒಂಬತ್ತು ಬಿಂದುಗಳು ಸರಾಸರಿ ಮಟ್ಟಕ್ಕಿಂತ 1 ಮೈಕ್ರೋಮೀಟರ್ ಕೆಳಗಿವೆ, ಒಂದು 9 ಮೈಕ್ರೋಮೀಟರ್ ಮೇಲಿದೆ. ಎರಡನೆಯದರಲ್ಲಿ ಇದರ ತಿರುಗುಮುರುಗು. ಚಿಹ್ನೆ ಬಿಟ್ಟು ಕೂಡಿಸಿ ಹತ್ತರಿಂದ ಭಾಗಿಸಿದರೆ ಎರಡಕ್ಕೂ ಆರ್‌ಎ 1.8 ಮೈಕ್ರೋಮೀಟರ್! ಮೊದಲನೆಯದರಲ್ಲಿರುವುದು ಒಂದು ಉಬ್ಬು, ಎರಡನೆಯದರಲ್ಲಿರುವುದು ಒಂದು ಕುಳಿ. ಮತ್ತೆ ಮತ್ತೆ ಬೀಳುವ ಹೊರೆಗೆ ಲೋಹ ದಣಿದಾಗ ಬಿರುಕು ಹುಟ್ಟಿಕೊಳ್ಳುವುದು ಸಾಮಾನ್ಯವಾಗಿ ಇಂತಹ ಕುಳಿಯ ತಳದಲ್ಲಿ. ಆ ಅಪಾಯವನ್ನು ಸರಾಸರಿ ಮರೆಮಾಡುತ್ತದೆ.

‘ಕೊನೆಯಲ್ಲಿ ಎಕ್ಸ್‌-ಕಿರಣ ಸಿ.ಟಿ. ಚಿತ್ರಣ ಇದೆಯಲ್ಲ’ ಎನ್ನಬಹುದು. ಇದೆ. ಆದರೆ ವಸ್ತು ದೊಡ್ಡದಾದಷ್ಟೂ, ದಪ್ಪವಾದಷ್ಟೂ ಸೂಕ್ಷ್ಮ ವಿವರಗಳು ಮಸುಕಾಗುತ್ತವೆ. ತಯಾರಿಕೆಯ ವೇಳೆಯ ನಿಗಾ ಬೇಕೇ ಬೇಕು ಎನ್ನಲು ಇದೂ ಒಂದು ಕಾರಣ. ನಮ್ಮ ಆಕ್ಷೇಪ ನಿಗಾದ ಬಗ್ಗೆ ಅಲ್ಲ, ಅದರ ಹೆಸರಿನಲ್ಲಿ ಕೊಡುವ ಭರವಸೆಯ ಬಗ್ಗೆ.

ಆದ್ದರಿಂದ ಈ ಕ್ಷೇತ್ರದ ಯಾವುದೇ ವರದಿಯನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿ. ಅಳೆದದ್ದು ಮೇಲ್ಭಾಗವನ್ನೋ, ಪಕ್ಕವನ್ನೋ, ಅಡಿಮೈಯನ್ನೋ? ಸರಾಸರಿಯ ಜೊತೆಗೆ ಅತ್ಯಂತ ಆಳದ ಕುಳಿಯ ಅಳತೆ ಕೊಟ್ಟಿದ್ದಾರೆಯೇ? ಸಂಕೇತ ದೊರೆತ ಅದೇ ಜಾಗವನ್ನು ನಂತರ ಕತ್ತರಿಸಿ ಅಥವಾ ಅಳೆದು ತಾಳೆ ನೋಡಿದ್ದಾರೆಯೇ? ಮೂರಕ್ಕೂ ಉತ್ತರವಿಲ್ಲದಿದ್ದರೆ ಆ ವರದಿ ಹೇಳುವುದು ಲೇಸರ್‌ನ ಬೆಳಕಿನ ಕಥೆಯನ್ನು ಮಾತ್ರ. ಲೋಹದ ಮೈಯ ಕಥೆ ಇನ್ನೂ ಬಾಕಿ ಇದೆ ಎಂದು ತಿಳಿಯಿರಿ.